ಬಾವಿಗೆ ನೀರು ಬೇಡಿದ ಬರ್ನಾರ್ಡರು

ಏಪ್ರಿಲ್‌ನಲ್ಲಿ ಬಾವಿಯ ತಳ ಕಂಡಾಗ ಆಗುವ ದಿಗಿಲನ್ನು ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ನಿಮಗೆ ಹೇಳಬೇಕಾಗಿಲ್ಲ. ಪೋಲೆಂಡಿನ ಗ್ರೋಜಿಸ್ಕ್ ಪೇಟೆಗೂ ಒಮ್ಮೆ ಅದೇ ದಿಗಿಲು ಬಂದಿತ್ತೆನ್ನುತ್ತದೆ ಅಲ್ಲಿನ ಐತಿಹ್ಯ.

ಆ ಪೇಟೆಯ ಕಸುಬು ಬಿಯರ್. ಗೋಧಿಯನ್ನು ಮೊಳಕೆ ಬರಿಸಿ, ಓಕ್ ಮರದ ಹೊಗೆಯಲ್ಲಿ ಒಣಗಿಸಿ ಮಾಡುವ ಇದು ತಿಳಿಯಾದ, ನೊರೆಯುಕ್ಕುವ, ಅಮಲು ಕಡಿಮೆಯಿರುವ ಪಾನೀಯ. ಗುಟುಕಿನಲ್ಲಿ ಹೊಗೆಯ ರುಚಿ. ಬಾವಿ ಬತ್ತಿದರೆ ಪೇಟೆಯ ಅನ್ನವೇ ಹೋದಂತೆ. ಆಗ ಪ್ರಾರ್ಥಿಸಿ ಬಾವಿಯನ್ನು ಆಶೀರ್ವದಿಸಿದವರು ಬರ್ನಾರ್ಡರು. ನೀರು ಮರಳಿತೆಂದು ಜನರ ನಂಬಿಕೆ.

1575ರಲ್ಲಿ ವೊಂಬ್ಝೆಜ್ನೊದಲ್ಲಿ ಹುಟ್ಟಿದ ಇವರು ಪೊಜ್ನಾನಿನಲ್ಲಿ ಯೇಸುಸಭೆಯವರ ಬಳಿ ಕಲಿತು, 1599ರಲ್ಲಿ ಲುಬಿನ್‌ನ ಬೆನೆಡಿಕ್ಟೈನ್ ಮಠ ಸೇರಿದರು. 1603ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೂ ಆಗಿರಲಿಲ್ಲ.

ಗ್ರೋಜಿಸ್ಕಿನವರು ಮರೆಯಲಿಲ್ಲ. ಮೊಂತಿ ಹಬ್ಬಕ್ಕೆ ನಾವು ಹೊಸ ತೆನೆಯನ್ನು ಇಗರ್ಜಿಗೆ ಒಯ್ಯುವಂತೆ, ಅವರು ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಲುಬಿನ್‌ಗೆ ಹೋಗಿ ಒಂದು ಪೀಪಾಯಿ ಬಿಯರನ್ನು ಮಠಕ್ಕೆ ಒಪ್ಪಿಸುತ್ತಿದ್ದರು. 1993ರಲ್ಲಿ ನಿಂತ ಆ ಕಸುಬು 2015ರಲ್ಲಿ ಅದೇ ಪೇಟೆಯಲ್ಲಿ ಮತ್ತೆ ಆರಂಭವಾಯಿತು.

ಈ ಸಲ ಮಳೆ ಬಂದು ನಿಮ್ಮ ಬಾವಿಯ ನೀರೇರಿದ ದಿನ, ಮೊದಲ ಕೊಡ ಸೇದುವಾಗ ಮಕ್ಕಳನ್ನು ಹತ್ತಿರ ಕರೆಯಿರಿ. ಎಲ್ಲರೂ ಸೇರಿ ದೇವರಿಗೆ ಕೃತಜ್ಞತೆ ಹೇಳಿ. ಬೇಡಿದ್ದು ನೆನಪಿರುವಂತೆ ಪಡೆದದ್ದೂ ನೆನಪಿರಲಿ.