ಶ್ರೀ ತ್ರಿವಿಕ್ರಮ ಪಂಡಿತಾಚಾರ್ಯರು

ವಾಯುಸ್ತುತಿಯನ್ನು ನಿತ್ಯ ಪಾರಾಯಣ ಮಾಡುವ ಭಕ್ತರು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ಆ ಸ್ತುತಿಯನ್ನು ರಚಿಸಿದ ಮಹನೀಯರು ಇದೇ ಕಾಸರಗೋಡಿನ ಮಣ್ಣಿನಲ್ಲಿ ಬಾಳಿದವರೆಂಬುದು ಎಳೆಯರಲ್ಲಿ ಹಲವರಿಗೆ ತಿಳಿದಿಲ್ಲ. ಅವರು ಮೊದಲು ಶ್ರೀಮನ್ಮಧ್ವಾಚಾರ್ಯರ ಶಿಷ್ಯರಾಗಿರಲಿಲ್ಲ, ಅವರಿಗೆ ಎದುರಾಗಿ ವಾದಕ್ಕೆ ಕುಳಿತವರು ಎಂಬುದು ತಿಳಿದವರು ಇನ್ನೂ ಕಡಿಮೆ.

ತ್ರಿವಿಕ್ರಮ ಪಂಡಿತರು ಹದಿಮೂರನೆಯ ಶತಮಾನದವರು, ಮಧ್ವಾಚಾರ್ಯರ (1238-1317) ಸಮಕಾಲೀನರು. ಆಗ ಕಾಸರಗೋಡಿನ ಈ ಭಾಗ ಕುಂಬಳೆ ಸೀಮೆಗೆ ಸೇರಿತ್ತು. ಜಯಸಿಂಹನೆಂಬ ಅರಸ ಆಳುತ್ತಿದ್ದ. ಕಾಸರಗೋಡಿನ ಸಮೀಪದ ಕಾವು ಪಂಡಿತರ ಮನೆತನದ ನೆಲೆ. ತುಳುವಿನಲ್ಲಿ ಪೆಜತ್ತಾಯರೆಂದು ಕರೆಯುವ ಈ ಮನೆತನವನ್ನೇ ಸಂಸ್ಕೃತ ಗ್ರಂಥಗಳು ಲಿಕುಚ ವಂಶವೆಂದು ಕರೆದಿವೆ. ತಂದೆ ಸುಬ್ರಹ್ಮಣ್ಯ ಪಂಡಿತರು. ಹರಿಹರರನ್ನು ಆರಾಧಿಸಿ ಪಡೆದ ಮಗನೆಂದು ಪ್ರತೀತಿ. ಬಾಲ್ಯದಲ್ಲಿಯೇ ಕವಿತ್ವ ಒಲಿದಿತ್ತು. ಬಾಣಾಸುರನ ಮಗಳು ಉಷೆ ಮತ್ತು ಅನಿರುದ್ಧರ ಕಥೆಯನ್ನು ಹೇಳುವ ಉಷಾಹರಣ ಎಂಬ ಸಂಸ್ಕೃತ ಕಾವ್ಯ ಇವರದೇ.

ಓದಿದ್ದು ಅದ್ವೈತ ವೇದಾಂತ. ಅದರಲ್ಲಿ ಇವರನ್ನು ಮೀರಿಸುವವರು ಈ ಕಡೆ ಇರಲಿಲ್ಲ. ಹೀಗಿರುವಾಗ ಉಡುಪಿಯಿಂದ ಹೊಸ ಮತವೊಂದು ಹೊರಟು ಜನರನ್ನು ಸೆಳೆಯತೊಡಗಿತು. ಹಳೆಯ ಮತದವರೆಲ್ಲ ತಮ್ಮ ಕಡೆಯಿಂದ ನಿಂತು ಉತ್ತರ ಕೊಡಬಲ್ಲವರು ತ್ರಿವಿಕ್ರಮ ಪಂಡಿತರೇ ಎಂದು ಅವರ ಮೇಲೆ ಭಾರ ಹಾಕಿದರು. ಒಬ್ಬ ವಿದ್ವಾಂಸನಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ, ಇದಕ್ಕಿಂತ ದೊಡ್ಡ ಕಟ್ಟುಪಾಡೂ ಇಲ್ಲ. ಸೋತರೆ ತನ್ನ ಮಾನ ಮಾತ್ರವಲ್ಲ, ನಂಬಿದವರೆಲ್ಲರ ಮಾನವೂ ಹೋಗುತ್ತದೆ.

ಮನೆಯೊಳಗೇ ಇನ್ನೊಂದು ಸಂಗತಿ ನಡೆದಿತ್ತು. ಪಂಡಿತರ ತಮ್ಮ ಶಂಕರಾಚಾರ್ಯರು (ಆದಿ ಶಂಕರರಲ್ಲ, ಅದೇ ಹೆಸರಿನವರು) ಆಗಲೇ ಮಧ್ವಾಚಾರ್ಯರ ಶಿಷ್ಯರಾಗಿ ಅವರ ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದರು. ವಿರೋಧಿಗಳು ಆ ಗ್ರಂಥಗಳನ್ನು ಅಪಹರಿಸಿದರು. ಜಯಸಿಂಹ ಅರಸನು ಅವುಗಳನ್ನು ಮರಳಿ ದೊರಕಿಸಿಕೊಟ್ಟು, ಆಚಾರ್ಯರನ್ನು ತನ್ನ ಸೀಮೆಗೆ ಬರಮಾಡಿಕೊಂಡನು. ತ್ರಿವಿಕ್ರಮ ಪಂಡಿತರು ಕಿವಿಮಾತು ಕೇಳಿ ಜಗಳಕ್ಕೆ ಇಳಿದವರಲ್ಲ. ಎದುರಾಳಿಯ ಗ್ರಂಥಗಳನ್ನು ತಾವೇ ಓದಿ ನೋಡಿಕೊಂಡು ವಾದಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ಇಂದಿಗೂ ಇಷ್ಟು ಸೌಜನ್ಯ ಅಪರೂಪವೇ.

ವಾದದ ವಿಷಯ ಮೇಲ್ನೋಟಕ್ಕೆ ಕಠಿಣ. ಒಳಹೊಕ್ಕು ನೋಡಿದರೆ ನಾನು ಯಾರು ಎಂಬ ಒಂದೇ ಪ್ರಶ್ನೆ. ನಾವು ಗಾಢವಾಗಿ ನಿದ್ರಿಸಿ ಎದ್ದಾಗ ಸುಖವಾಗಿ ಮಲಗಿದ್ದೆವು ಎಂದು ನೆನಪಿಸಿಕೊಳ್ಳುತ್ತೇವೆ. ನಿದ್ರೆಯಲ್ಲಿ ಕಣ್ಣು, ಕಿವಿ, ಮನಸ್ಸು ಒಂದೂ ಕೆಲಸ ಮಾಡುತ್ತಿರಲಿಲ್ಲ. ಹಾಗಾದರೆ ಆ ಸುಖವನ್ನು ಕಂಡವರು ಯಾರು? ಒಳಗೆ ಎಚ್ಚರವಾಗಿದ್ದ ಸಾಕ್ಷಿ ಎಂಬುದರಲ್ಲಿ ಎರಡು ಮತಗಳಿಗೂ ಭಿನ್ನಾಭಿಪ್ರಾಯವಿಲ್ಲ. ಅಲ್ಲಿಂದ ಮುಂದೆ ದಾರಿ ಕವಲಾಗುತ್ತದೆ. ನಿದ್ರೆಯಲ್ಲಿ ನಾನು ಎಂಬ ಅಹಂಕಾರ ಕರಗಿಹೋಗುತ್ತದೆ, ಉಳಿಯುವುದು ಶುದ್ಧ ಚೈತನ್ಯ ಮಾತ್ರ, ಅದು ಎಲ್ಲರಲ್ಲಿಯೂ ಒಂದೇ, ಅದೇ ಬ್ರಹ್ಮ ಎಂಬುದು ಅದ್ವೈತ. ಹತ್ತು ಕೊಡಗಳಲ್ಲಿ ಹತ್ತು ಆಕಾಶ ಇದ್ದಂತೆ ಕಂಡರೂ ಕೊಡ ಒಡೆದರೆ ಆಕಾಶ ಒಂದೇ ಎಂಬುದು ಅವರ ದೃಷ್ಟಾಂತ.

ಮಧ್ವಾಚಾರ್ಯರ ಪಕ್ಷ ಬೇರೆ. ನಿದ್ರೆಯಲ್ಲಿಯೂ ನಾನು ಎಂಬುದು ಅಳಿಯುವುದಿಲ್ಲ. ಮಲಗಿದವನೇ ಏಳುತ್ತಾನೆ, ಪಕ್ಕದಲ್ಲಿ ಮಲಗಿದವನ ಸುಖ ಇವನ ನೆನಪಿಗೆ ಬರುವುದಿಲ್ಲ. ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ ನನಗೇ ನೋವು. ಸಾಕ್ಷಿ ಎಂಬುದು ಪ್ರತಿಯೊಬ್ಬ ಜೀವನ ಸ್ವರೂಪವೇ ಆದ ಇಂದ್ರಿಯ. ಅದು ಕಂಡದ್ದನ್ನು ಸುಳ್ಳೆಂದರೆ ಮತ್ತೆ ನಂಬುವುದಕ್ಕೆ ಯಾವ ಪ್ರಮಾಣವೂ ಉಳಿಯುವುದಿಲ್ಲ. ಆ ಸಾಕ್ಷಿಯೇ ನಾನು ಸ್ವತಂತ್ರನಲ್ಲ, ಸರ್ವಜ್ಞನಲ್ಲ ಎಂದು ಹೇಳುತ್ತಿರುವಾಗ ಜೀವನು ಬ್ರಹ್ಮನೇ ಆಗುವುದು ಹೇಗೆ? ಜೀವರು ಅನೇಕರು, ಪ್ರತಿಯೊಬ್ಬನೂ ಬೇರೆ. ಎಲ್ಲರೂ ಸ್ವತಂತ್ರನಾದ ಶ್ರೀಹರಿಯ ಅಧೀನರು, ಅವನ ಪ್ರತಿಬಿಂಬರು. ಮುಕ್ತಿಯಲ್ಲಿಯೂ ಈ ಭೇದ ಹೋಗುವುದಿಲ್ಲ. ದೇವರ ಮುಂದೆ ಕೈಮುಗಿದು ನಿಲ್ಲುವವನು ಕೊನೆಯವರೆಗೂ ಇರುತ್ತಾನೆ ಎನ್ನುವ ಈ ಮಾತು ಭಕ್ತರ ಮನಸ್ಸಿಗೆ ಹತ್ತಿರವಾದದ್ದರಲ್ಲಿ ಆಶ್ಚರ್ಯವಿಲ್ಲ.

ವಾದ ಒಂದೆರಡು ಗಂಟೆಗಳಲ್ಲಿ ಮುಗಿಯಲಿಲ್ಲ, ದಿನಗಟ್ಟಲೆ ನಡೆಯಿತು. ಪಂಡಿತರು ಶ್ರುತಿಯಿಂದಲೂ ಯುಕ್ತಿಯಿಂದಲೂ ತಮ್ಮ ಪಕ್ಷವನ್ನು ಬಲವಾಗಿಯೇ ಮಂಡಿಸಿದರು. ಕೊನೆಗೆ ಹೇಳಲು ಉತ್ತರ ಉಳಿಯದಿದ್ದಾಗ ಸಬೂಬು ಹುಡುಕಲಿಲ್ಲ. ತುಂಬಿದ ಸಭೆಯಲ್ಲಿಯೇ ಆಚಾರ್ಯರ ಪಾದಗಳಿಗೆ ನಮಸ್ಕರಿಸಿ ಶಿಷ್ಯರಾದರು. ಈ ವೃತ್ತಾಂತವನ್ನು ಬರೆದಿಟ್ಟವರು ಅವರ ಮಗ ನಾರಾಯಣ ಪಂಡಿತಾಚಾರ್ಯರು. ಮಧ್ವಾಚಾರ್ಯರ ಜೀವನಚರಿತ್ರೆಯಾದ ಅವರ ಸುಮಧ್ವವಿಜಯದ 16 ಸರ್ಗಗಳಲ್ಲಿ 15ನೆಯದರಲ್ಲಿ ಇದು ಬರುತ್ತದೆ. ಗೆದ್ದವರ ಪಕ್ಷದ ಕಾವ್ಯವೆಂಬುದು ನಿಜ. ಆದರೆ ಸ್ವಂತ ತಂದೆ ಸೋತದ್ದನ್ನು ಮಗನೇ ಸಂಭ್ರಮದಿಂದ ಬರೆದ ಕಾವ್ಯ ಬೇರೆ ಎಲ್ಲಿದೆ?

ಶಿಷ್ಯರಾದ ಮೇಲೂ ಪಂಡಿತರು ಸುಮ್ಮನಿರಲಿಲ್ಲ. ಆಚಾರ್ಯರ ಬ್ರಹ್ಮಸೂತ್ರ ಭಾಷ್ಯಕ್ಕೆ ಟೀಕೆ ಬರೆಯುವ ಕೆಲಸ ಅವರಿಗೇ ಒಪ್ಪಿಸಲ್ಪಟ್ಟಿತು. ನಿನ್ನೆ ಎದುರು ಕುಳಿತವರ ಕೈಗೇ ಇಂದು ಭಾಷ್ಯದ ವಿವರಣೆ! ಆ ಟೀಕೆಯೇ ತತ್ತ್ವಪ್ರದೀಪ. ಆಚಾರ್ಯರ ಗ್ರಂಥಗಳು ಸಂಕ್ಷೇಪವಾಗಿದ್ದು ಅವುಗಳ ಆಳ ಸಾಮಾನ್ಯರಿಗೆ ನಿಲುಕದು, ಯುಕ್ತಿಗಳನ್ನು ಬಿಡಿಸಿ ಹೇಳುವ ಇನ್ನೊಂದು ಗ್ರಂಥ ಬೇಕೆಂದು ಪಂಡಿತರು ಬಿನ್ನವಿಸಿಕೊಂಡರು. ಅದರ ಫಲವೇ ಅನುವ್ಯಾಖ್ಯಾನ. ಅದರ ನಾಲ್ಕು ಅಧ್ಯಾಯಗಳನ್ನು ಆಚಾರ್ಯರು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಯಿಸಿದರೆಂದು ಪ್ರಸಿದ್ಧಿ. ಮುಂದೆ ಜಯತೀರ್ಥರು ಇದಕ್ಕೆ ನ್ಯಾಯಸುಧಾ ಎಂಬ ಟೀಕೆ ಬರೆದರು. ದ್ವೈತ ವೇದಾಂತದಲ್ಲಿ ಇಂದಿಗೂ ಪಂಡಿತನ ಯೋಗ್ಯತೆಯನ್ನು ಅಳೆಯುವುದು ಸುಧಾಪಾಠದಿಂದಲೇ. ಇಷ್ಟೆಲ್ಲದರ ಹಿಂದೆ ನಮ್ಮ ಸೀಮೆಯ ಒಬ್ಬರ ಬಿನ್ನಹವಿದೆ.

ಪಂಡಿತರು ಮತ ಬದಲಿಸಿದರೆಂದು ಊರಿನಲ್ಲಿ ಹಳೆಯ ಮತ ಅಳಿದುಹೋಗಲಿಲ್ಲ. ಇದೇ ಕಾಸರಗೋಡಿನಲ್ಲಿ ತೋಟಕಾಚಾರ್ಯರ ಪರಂಪರೆಯ ಎಡನೀರು ಮಠ ಅದ್ವೈತ ಪೀಠವಾಗಿ ಬೆಳಗುತ್ತಿದೆ. ಎರಡು ಸಂಪ್ರದಾಯದವರೂ ಒಂದೇ ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ಕುಳಿತು ಪ್ರಸಾದ ಭೋಜನ ಮಾಡುತ್ತಾರೆ.

ಇನ್ನು ವಾಯುಸ್ತುತಿಯ ವಿಷಯ. ಉಡುಪಿಯಲ್ಲಿ ಆಚಾರ್ಯರು ಗರ್ಭಗುಡಿಯೊಳಗೆ ಪೂಜೆಯಲ್ಲಿದ್ದಾಗ ಹೊರಗಿದ್ದ ಪಂಡಿತರಿಗೆ ದಿವ್ಯದರ್ಶನವಾಯಿತೆಂದು ಹಿರಿಯರು ಹೇಳುತ್ತಾರೆ. ಹನುಮನಾಗಿ ರಾಮನನ್ನು, ಭೀಮನಾಗಿ ಕೃಷ್ಣನನ್ನು, ಮಧ್ವರಾಗಿ ವೇದವ್ಯಾಸರನ್ನು ಪೂಜಿಸುವ ಮೂರು ರೂಪಗಳನ್ನು ಕಂಡು ಅವರು ಈ ಸ್ತುತಿಯನ್ನು ರಚಿಸಿದರು. ಕೇವಲ ತಮ್ಮ ಸ್ತುತಿಯಾದದ್ದು ಆಚಾರ್ಯರಿಗೆ ಒಪ್ಪಿಗೆಯಾಗಲಿಲ್ಲ. ನರಸಿಂಹದೇವರ ಉಗುರುಗಳನ್ನು ಸ್ತುತಿಸುವ ಎರಡು ಶ್ಲೋಕಗಳನ್ನು ತಾವೇ ರಚಿಸಿ ಸೇರಿಸಿದರು. ಅದೇ ನಖಸ್ತುತಿ. ಪಾರಾಯಣ ಮಾಡುವವರು ಇಂದಿಗೂ ಅದನ್ನು ಮೊದಲಿಗೂ ಕೊನೆಗೂ ಹೇಳಿಯೇ ವಾಯುಸ್ತುತಿಯನ್ನು ಮುಗಿಸುತ್ತಾರೆ.