ಜಿಗೊರೊ ಕಾನೊ

ಜಿಗೊರೊ ಕಾನೊ (ಡಿಸೆಂಬರ್ 10, 1860 – ಮೇ 4, 1938) ಜಪಾನಿನ ಶಿಕ್ಷಣತಜ್ಞರು ಹಾಗೂ ಜೂಡೋ ಕಲೆಯ ಸ್ಥಾಪಕರು. ಕಾಳಗದಲ್ಲಿ ಯಾವ ಪಟ್ಟು ಫಲಕಾರಿ ಎಂಬುದನ್ನು ಪ್ರತಿರೋಧಿಸುವ ಎದುರಾಳಿಯ ಮೇಲೆಯೇ ಪರೀಕ್ಷಿಸುವ ಅಭ್ಯಾಸಕ್ರಮವನ್ನು ಇವರು ವ್ಯಾಪಕಗೊಳಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಇಂದು ಕೋಬೆ ನಗರಕ್ಕೆ ಸೇರಿರುವ ಮಿಕಾಗೆಯಲ್ಲಿ ಜನಿಸಿದ ಕಾನೊ ಬಾಲ್ಯದಲ್ಲಿ ಕೃಶಕಾಯರಾಗಿದ್ದು, ಶಾಲೆಯಲ್ಲಿ ಬಲಿಷ್ಠ ಸಹಪಾಠಿಗಳ ಪೀಡನೆಗೆ ಗುರಿಯಾಗಿದ್ದರು. ಆತ್ಮರಕ್ಷಣೆಗಾಗಿ ಜುಜುತ್ಸು ಕಲಿಯಲು ಬಯಸಿದರು. ಸಮುರಾಯಿ ವ್ಯವಸ್ಥೆ ಅಳಿದಿದ್ದ ಆ ಕಾಲದಲ್ಲಿ ಈ ವಿದ್ಯೆಗೆ ಮನ್ನಣೆ ಕುಗ್ಗಿತ್ತು. 1877ರಲ್ಲಿ ಅವರು ಮೂಳೆ ಕೂರಿಸುವ ವೃತ್ತಿಯ ಫುಕುಡಾ ಹಚಿನೊಸುಕೆ ಅವರ ಶಿಷ್ಯರಾದರು. ಫುಕುಡಾ ಅವರ ತೆಂಜಿನ್ ಶಿನ್ಯೊ ಪಂಥದಲ್ಲಿ ಹೊಡೆತ, ಕತ್ತು ಬಿಗಿಯುವಿಕೆ ಮತ್ತು ಹಿಡಿತಗಳಿಗೆ ಪ್ರಾಧಾನ್ಯವಿತ್ತು. ಅನಂತರ ಕಲಿತ ಕಿತೊ ಪಂಥವು ಎದುರಾಳಿಯನ್ನು ಕೆಡಹುವ ಪಟ್ಟುಗಳಿಗೆ ಹೆಸರಾಗಿತ್ತು. ಎರಡನ್ನೂ ಹೋಲಿಸಿ ನೋಡಿದ ಕಾನೊ, ಒಂದೇ ಪಂಥದಲ್ಲಿ ಎಲ್ಲವೂ ಅಡಕವಾಗಿಲ್ಲವೆಂದು ಮನಗಂಡರು.

ಕೊಡೋಕಾನ್ ಸ್ಥಾಪನೆ

1882ರಲ್ಲಿ ಟೋಕಿಯೊದ ಐಶೋಜಿ ಬೌದ್ಧ ದೇವಾಲಯದಲ್ಲಿ, 12 ಚಾಪೆಗಳಷ್ಟು ವಿಸ್ತಾರದ ಕೋಣೆಯಲ್ಲಿ ಕೊಡೋಕಾನ್ ಶಾಲೆ ಆರಂಭವಾಯಿತು. ಹಳೆಯ ಪಂಥಗಳು ಬಹುಮಟ್ಟಿಗೆ ಪೂರ್ವನಿಶ್ಚಿತ ವರಸೆಗಳನ್ನು ಅಭ್ಯಾಸ ಮಾಡಿಸುತ್ತಿದ್ದವು. ಕಣ್ಣು, ಮರ್ಮಸ್ಥಾನಗಳಿಗೆ ಹೊಡೆಯುವ ಮಾರಕ ಪಟ್ಟುಗಳನ್ನು ಜೊತೆಗಾರನ ಮೇಲೆ ಪೂರ್ಣಶಕ್ತಿಯಿಂದ ಪ್ರಯೋಗಿಸಲಾಗದು. ಆದ್ದರಿಂದ ಅವುಗಳ ಸಾಮರ್ಥ್ಯ ಬಹುತೇಕ ನಂಬಿಕೆಯಾಗಿಯೇ ಉಳಿಯುತ್ತಿತ್ತು. ಕಾನೊ ಅಂತಹವನ್ನು ವರಸೆಗಳಿಗೆ ಮೀಸಲಿರಿಸಿ, ಉಳಿದವುಗಳಿಂದ ರಂದೋರಿ ಎಂಬ ಮುಕ್ತ ಸೆಣಸಾಟವನ್ನು ರೂಪಿಸಿದರು. ಇದರಿಂದ ಶಿಷ್ಯರು ದಿನವೂ ನಿಜವಾದ ಪ್ರತಿರೋಧವನ್ನು ಎದುರಿಸುವಂತಾಯಿತು.

ಇತರ ಪಂಥಗಳೊಡನೆ ಸ್ಪರ್ಧೆ

1880ರ ದಶಕದಲ್ಲಿ ಟೋಕಿಯೊ ಪೊಲೀಸ್ ಇಲಾಖೆ ಏರ್ಪಡಿಸಿದ ಸ್ಪರ್ಧೆಗಳಲ್ಲಿ ಕೊಡೋಕಾನ್ ಶಿಷ್ಯರು ಜುಜುತ್ಸು ಪಂಥದವರನ್ನು ಎದುರಿಸಿ ಗೆಲುವು ಪಡೆದರು. ಜೂಡೋವಿನ ಕೀರ್ತಿ ಹರಡಲು ಇದು ಕಾರಣವಾಯಿತು. ಆದರೆ ನಿಯಮಬದ್ಧ ಸ್ಪರ್ಧೆಗೂ ಹೊಡೆತ, ಆಯುಧಗಳಿರುವ ಬೀದಿಕಾಳಗಕ್ಕೂ ಅಂತರವಿದೆ. ಕಾನೊ ಅನ್ಯ ಕಲೆಗಳ ಬಗ್ಗೆ ಆಸಕ್ತಿಯನ್ನು ಉಳಿಸಿಕೊಂಡಿದ್ದರು. 1922ರಲ್ಲಿ ಫುನಾಕೋಶಿ ಗಿಚಿನ್ ಅವರಿಂದ ಕೊಡೋಕಾನ್‌ನಲ್ಲಿ ಕರಾಟೆ ಪ್ರದರ್ಶನ ಮಾಡಿಸಿದರು. ಮುಂದೆ ಉಯೆಶಿಬಾ ಮೊರಿಹೆಯಿ ಅವರ ಬಳಿಗೆ ತಮ್ಮ ಶಿಷ್ಯರನ್ನು ಕಲಿಯಲು ಕಳುಹಿಸಿದರು.

ಶಿಕ್ಷಣ ಮತ್ತು ಕ್ರೀಡಾ ಸೇವೆ

ವೃತ್ತಿಯಿಂದ ಅಧ್ಯಾಪಕರಾದ ಕಾನೊ ಟೋಕಿಯೊ ಉನ್ನತ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ಅವರ ದೃಷ್ಟಿಯಲ್ಲಿ ಕಾಳಗದ ಗೆಲುವು ಜೂಡೋವಿನ ಒಂದು ಭಾಗ ಮಾತ್ರ. ದೇಹದಾರ್ಢ್ಯ ಮತ್ತು ಶೀಲಸಂವರ್ಧನೆಗಳೂ ಅಷ್ಟೇ ಮುಖ್ಯವಾಗಿದ್ದವು. 1909ರಲ್ಲಿ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪ್ರಥಮ ಏಷ್ಯನ್ ಸದಸ್ಯರಾದರು.

ನಿಧನ ಮತ್ತು ಪರಂಪರೆ

ಕೈರೋದಲ್ಲಿ ನಡೆದ ಸಮಿತಿಯ ಅಧಿವೇಶನದಿಂದ ಮರಳುವಾಗ, 1938ರ ಮೇ 4ರಂದು ಕಾನೊ ಹಿಕಾವಾ ಮಾರು ಹಡಗಿನಲ್ಲಿ ನಿಧನರಾದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಬಾರಿಗೆ ಸೇರ್ಪಡೆಯಾಯಿತು. ಕೊಡೋಕಾನ್‌ನಲ್ಲಿ ಕಲಿತ ಮಿತ್ಸುಯೊ ಮಾಯೆಡಾ ಬ್ರೆಜಿಲ್‌ನಲ್ಲಿ ನೆಲೆಸಿ ಕಾರ್ಲೋಸ್ ಗ್ರೇಸಿಗೆ ಈ ವಿದ್ಯೆಯನ್ನು ಕಲಿಸಿದರು. ಆ ಪರಂಪರೆಯ ಬ್ರೆಜಿಲಿಯನ್ ಜುಜುತ್ಸು ಪಟು ರಾಯ್ಸ್ ಗ್ರೇಸಿ, 1993ರಲ್ಲಿ ಡೆನ್ವರ್‌ನಲ್ಲಿ ವಿವಿಧ ಕಲೆಗಳ ಪಟುಗಳು ಸೆಣಸಿದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ವಿಜಯಿಯಾದರು.