ಷೆರ್ಲಾಕ್ ಹೋಮ್ಸನ ಸೃಷ್ಟಿಕರ್ತರಾದ ಸರ್ ಆರ್ಥರ್ ಕಾನನ್ ಡಾಯ್ಲರು

ಕತೆಯನ್ನು ಬರೆದವರ ಹೆಸರನ್ನು ಮರೆತು ಕಥಾನಾಯಕನ ಹೆಸರನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳುವುದು ಲೋಕದ ವಾಡಿಕೆ. ಲಂಡನ್ ನಗರದ ಬೇಕರ್ ಬೀದಿಯ ನಿವಾಸಿಯೆಂದು ಕಲ್ಪಿತನಾದ ಷೆರ್ಲಾಕ್ ಹೋಮ್ಸನೆಂಬ ಪತ್ತೇದಾರನ ಹೆಸರನ್ನು ಕೇಳದವರು ವಿರಳ. ಅವನನ್ನು ಸೃಷ್ಟಿಸಿದ ಕಾನನ್ ಡಾಯ್ಲರ ಚರಿತ್ರೆಯನ್ನು ಬಲ್ಲವರಾದರೋ ಅಷ್ಟು ಮಂದಿಯಿಲ್ಲ. ಒಬ್ಬನೇ ನಾಯಕನು ಕತೆಯಿಂದ ಕತೆಗೆ ಮರಳಿ ಬರುತ್ತಿರಲು ವಾಚಕರು ಅವನಿಗೆ ಮನಸೋಲುವುದೇಕೆಂಬುದು ಈ ಮಹನೀಯರ ಜೀವನದಿಂದ ಚೆನ್ನಾಗಿ ವ್ಯಕ್ತವಾಗುವುದರಿಂದ, ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಡಾಯ್ಲರು 1859ನೆಯ ಇಸವಿ ಮೇ ತಿಂಗಳ 22ನೆಯ ತಾರೀಖಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸರು ಚಿತ್ರಕಲೆಯಲ್ಲಿ ನಿಪುಣರಾದರೂ ಮದ್ಯಪಾನಕ್ಕೆ ಬಲಿಯಾದುದರಿಂದ ಸಂಸಾರದ ಭಾರವೆಲ್ಲಾ ತಾಯಿ ಮೇರಿಯಮ್ಮನವರ ಮೇಲೆ ಬಿದ್ದಿತು. ಆಕೆ ಬಡತನದಲ್ಲಿಯೂ ಮಕ್ಕಳಿಗೆ ವೀರರ ಕತೆಗಳನ್ನು ಮನಮುಟ್ಟುವಂತೆ ಹೇಳುತ್ತಿದ್ದರು. ಮಗನು ಕತೆಗಾರನಾದುದಕ್ಕೆ ಈ ತಾಯಿಯೇ ಮೊದಲ ಗುರುವೆಂದು ಹೇಳಬೇಕು.

1876ರಲ್ಲಿ ಡಾಯ್ಲರು ವೈದ್ಯವಿದ್ಯೆಗಾಗಿ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯರು ರೋಗಿಯು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವನ ನಡಿಗೆ, ಅಂಗೈ, ಉಡುಪು ಇವುಗಳನ್ನು ನೋಡಿ ಅವನ ಕಸುಬನ್ನೂ ಊರನ್ನೂ ಹೇಳಿಬಿಡುತ್ತಿದ್ದರು. ಇದು ಮಂತ್ರವಾಗಿರಲಿಲ್ಲ, ಎಲ್ಲರೂ ಕಾಣುವುದನ್ನೇ ಅವರು ಗಮನವಿಟ್ಟು ಕಾಣುತ್ತಿದ್ದರು, ಅಷ್ಟೆ. ಈ ಗುರುವಿನ ಸಹಾಯಕರಾಗಿ ಕೆಲಸಮಾಡಿದ ಡಾಯ್ಲರು ಅವರನ್ನು ಎಂದಿಗೂ ಮರೆಯಲಿಲ್ಲ.

ಪದವಿಯನ್ನು ಪಡೆದು, 1882ರಲ್ಲಿ ಪೋರ್ಟ್ಸ್‌ಮತ್ ಬಳಿಯ ಸೌತ್‌ಸೀ ಎಂಬಲ್ಲಿ ಔಷಧಾಲಯವನ್ನು ತೆರೆದರು. ಆರಂಭದಲ್ಲಿ ರೋಗಿಗಳು ಬಹು ಸ್ವಲ್ಪ, ಬಿಡುವು ಬಹಳ. ಆ ಬಿಡುವಿನಲ್ಲಿ ಗುರುವಿನ ವಿದ್ಯೆಯನ್ನು ಅಪರಾಧಿಗಳ ಶೋಧನೆಗೆ ಅನ್ವಯಿಸಿ ಹೋಮ್ಸನನ್ನು ಕಲ್ಪಿಸಿದರು. ಆ ಮೊದಲ ಕಾದಂಬರಿಯ ಸಂಪೂರ್ಣ ಹಕ್ಕಿಗೆ ದೊರೆತ ಪ್ರತಿಫಲವು 25 ಪೌಂಡು ಮಾತ್ರ. ಅದು 1887ರಲ್ಲಿ ಪ್ರಕಟವಾದಾಗ ವಿಶೇಷ ಪ್ರಸಿದ್ಧಿಗೆ ಬರಲಿಲ್ಲ.

1891ರಲ್ಲಿ ಡಾಯ್ಲರು ನೇತ್ರವೈದ್ಯರಾಗಿ ಲಂಡನ್ನಿಗೆ ಬಂದರು. ಅಲ್ಲಿಯೂ ರೋಗಿಗಳು ಬಾರದಿರಲು, ಅವರಿಗೆ ಒಂದು ಯುಕ್ತಿ ಹೊಳೆಯಿತು. ಮಾಸಪತ್ರಿಕೆಯ ಧಾರಾವಾಹಿಯಲ್ಲಿ ಒಂದು ಸಂಚಿಕೆ ತಪ್ಪಿದರೆ ಕತೆಯ ಎಳೆಯೇ ಕೈತಪ್ಪುತ್ತದೆ. ಬಿಡಿ ಕತೆಗಳಾದರೆ ಓದಿದ ಬಳಿಕ ಮರೆತುಹೋಗುತ್ತವೆ. ಪ್ರತಿಯೊಂದು ಕತೆಯೂ ತಾನೇ ಪೂರ್ಣವಾಗಿದ್ದು, ನಾಯಕನು ಮಾತ್ರ ಒಬ್ಬನೇ ಆಗಿದ್ದರೆ ಹೇಗೆ? ಆ ವರ್ಷದ ಜುಲೈ ತಿಂಗಳಿಂದ ಸ್ಟ್ರಾಂಡ್ ಪತ್ರಿಕೆಯಲ್ಲಿ ಹೋಮ್ಸನ ಕತೆಗಳು ಈ ಕ್ರಮದಲ್ಲಿ ಬರತೊಡಗಿದವು. ಕರ್ತೃವಿನ ಕೀರ್ತಿಯು ಎಲ್ಲೆಡೆ ಹಬ್ಬಿತು.

ಹೋಮ್ಸನ ಆಕರ್ಷಣೆಗೆ ಕಾರಣವು ಬುದ್ಧಿಚಾತುರ್ಯ ಒಂದೇ ಅಲ್ಲವೆಂದು ನಮಗೆ ತೋರುತ್ತದೆ. ಬೇಕರ್ ಬೀದಿಯ ಮೆಟ್ಟಿಲುಗಳನ್ನು ಹತ್ತಿ ಬರುವವರಲ್ಲಿ ಅರಸರೂ ಮಂತ್ರಿಗಳೂ ಉಂಟು. ಆದರೆ ಮನೆಪಾಠ ಹೇಳಿ ಜೀವಿಸುವ ತರುಣಿ, ಟೈಪು ಮಾಡಿ ಸಂಪಾದಿಸುವ ಹೆಣ್ಣುಮಗಳು, ಮಲತಂದೆಗೆ ಹೆದರಿ ಮುಂಜಾನೆಯೇ ಓಡಿಬಂದ ಅನಾಥೆ, ಇಂಥವರೂ ಉಂಟು. ಹೊರಗಿನವರು ಅಲ್ಪವೆಂದು ತಳ್ಳಿಬಿಡುವ ಅವರ ಸಂಕಟವನ್ನು ಹೋಮ್ಸನು ಕಣ್ಣುಮುಚ್ಚಿ ಕುಳಿತು ಕಡೆಯವರೆಗೆ ಕೇಳುತ್ತಾನೆ. ಅವನ ಮುಂದೆ ಅಲ್ಪವಾದ ಸಂಗತಿಯಿಲ್ಲ, ಅಲ್ಪರಾದ ಮನುಷ್ಯರೂ ಇಲ್ಲ. ಕರೆದರೆ ಕೇಳುವವನೊಬ್ಬನು ಅದೇ ಮನೆಯಲ್ಲಿ, ಅದೇ ಕುರ್ಚಿಯಲ್ಲಿ ಇದ್ದಾನೆಂಬ ಭರವಸೆಯೇ ವಾಚಕರನ್ನು ಮತ್ತೆ ಮತ್ತೆ ಅವನ ಬಳಿಗೆ ಕರೆತಂದಿತು.

ಡಾಯ್ಲರಿಗಾದರೋ ಅವನು ಬೇಸರವನ್ನು ತಂದನು. ತಮ್ಮ ಐತಿಹಾಸಿಕ ಕಾದಂಬರಿಗಳೇ ಶ್ರೇಷ್ಠವೆಂದು ಅವರ ಎಣಿಕೆ. 1891ರಲ್ಲಿಯೇ ಹೋಮ್ಸನನ್ನು ಕೊಲ್ಲಬೇಕೆಂದಿದ್ದವರನ್ನು ತಾಯಿಯವರು ತಡೆದರು. ಆದರೂ 1893ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ರೈಕನ್‌ಬಾಕ್ ಜಲಪಾತದಲ್ಲಿ ಅವನನ್ನು ಮುಳುಗಿಸಿಯೇಬಿಟ್ಟರು. ಸಾವಿರಾರು ಚಂದಾದಾರರು ಪತ್ರಿಕೆಯನ್ನು ಬಿಟ್ಟರೆಂದು ಹೇಳುತ್ತಾರೆ. ಕಡೆಗೆ ಕರ್ತೃವೇ ಸೋತು, 1903ರಲ್ಲಿ ಅವನನ್ನು ಬದುಕಿಸಿ ತಂದರು. 1927ರ ವೇಳೆಗೆ 4 ಕಾದಂಬರಿಗಳೂ 56 ಸಣ್ಣ ಕತೆಗಳೂ ಪೂರ್ಣವಾದವು.

ಇಷ್ಟೇ ಆಗಿದ್ದರೆ ಡಾಯ್ಲರನ್ನು ಜಾಣ ಕತೆಗಾರರೆಂದು ಕರೆದು ಸುಮ್ಮನಾಗಬಹುದಾಗಿತ್ತು. ಆದರೆ ಹೋಮ್ಸನ ಕೆಲಸವನ್ನು ತಾವೇ ಕೈಕೊಳ್ಳಬೇಕಾದ ಸಮಯವೊಂದು ಅವರಿಗೆ ಒದಗಿತು. ಬೊಂಬಾಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತರಾದ ಶಾಪೂರ್ಜಿ ಎದಲ್ಜಿಯವರು ಇಂಗ್ಲೆಂಡಿನ ಗ್ರೇಟ್ ವೈರ್ಲಿ ಎಂಬ ಗ್ರಾಮದಲ್ಲಿ ಸಭಾಪಾಲಕರಾಗಿದ್ದರು. ಅವರ ಮಗ ಜಾರ್ಜನು ವಕೀಲನು. ರಾತ್ರಿಯ ವೇಳೆ ಹೊಲದಲ್ಲಿ ಕುದುರೆಮರಿಯ ಹೊಟ್ಟೆಯನ್ನು ಸೀಳಿದನೆಂದು ಅವನ ಮೇಲೆ ಆರೋಪ ಹೊರಿಸಿ, 1903ರಲ್ಲಿ 7 ವರ್ಷಗಳ ಕಠಿಣ ಶಿಕ್ಷೆಯನ್ನು ವಿಧಿಸಿದರು. 3 ವರ್ಷಗಳಾದ ಮೇಲೆ ಕಾರಣವನ್ನು ತಿಳಿಸದೆ ಬಿಟ್ಟರು; ಕಳಂಕವು ಮಾತ್ರ ಹೋಗಲಿಲ್ಲ, ವಕೀಲಿಯೂ ಮರಳಿ ದೊರೆಯಲಿಲ್ಲ.

1907ರ ಆರಂಭದಲ್ಲಿ ಡಾಯ್ಲರು ಅವನನ್ನು ಒಂದು ಹೋಟೆಲಿನಲ್ಲಿ ಕಂಡರು. ಜಾರ್ಜನು ವೃತ್ತಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರವಾಗಿ, ಓರೆಯಾಗಿ ಹಿಡಿದು ಓದುತ್ತಿದ್ದನು. ನೇತ್ರವೈದ್ಯರಾಗಿದ್ದ ಡಾಯ್ಲರಿಗೆ ಅಷ್ಟೇ ಸಾಕಾಯಿತು. ಹಗಲಿನಲ್ಲಿಯೇ ಹೀಗೆ ಮಬ್ಬುಗಾಣುವವನು ಕಗ್ಗತ್ತಲೆಯಲ್ಲಿ ಹೊಲಗಳನ್ನು ದಾಟಿ ಆ ಕೃತ್ಯವನ್ನು ಮಾಡಿದ್ದು ಹೇಗೆ? ಡಾಯ್ಲರು ಸ್ವತಃ ಆ ಸ್ಥಳವನ್ನು ನೋಡಿ, ಸಾಕ್ಷ್ಯಗಳನ್ನು ಪರೀಕ್ಷಿಸಿ, ಪ್ರತಿಫಲವನ್ನು ಬಯಸದೆ ಪತ್ರಿಕೆಗಳಲ್ಲಿ ಬರೆದರು. ಆ ವರ್ಷವೇ ಸರಕಾರವು ಜಾರ್ಜನ ಅಪರಾಧವನ್ನು ಮನ್ನಿಸಿತು. ಪರಿಹಾರದ ಹಣವನ್ನು ಮಾತ್ರ ಕೊಡಲಿಲ್ಲ. ಅವನು ತಿರುಗಿ ವಕೀಲನಾದನು. ಅದೇ 1907ರಲ್ಲಿ ಇಂಗ್ಲೆಂಡಿನಲ್ಲಿ ಅಪರಾಧ ಪ್ರಕರಣಗಳ ಮೇಲ್ಮನವಿಗೆ ನ್ಯಾಯಾಲಯವು ಸ್ಥಾಪಿತವಾಗುವುದಕ್ಕೆ ಈ ಪ್ರಕರಣವೂ ಒಂದು ಪ್ರೇರಣೆಯಾಯಿತು.

ಡಾಯ್ಲರೇನು ತಪ್ಪದ ಮನುಷ್ಯರಲ್ಲ. ಕಾಟಿಂಗ್ಲಿ ಗ್ರಾಮದ ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಛಾಯಾಚಿತ್ರಗಳನ್ನು ಅವರು 1920ರಲ್ಲಿ ನಿಜವೆಂದು ನಂಬಿ ಪ್ರಕಟಿಸಿದರು. ಅವು ಕಾಗದದ ಬೊಂಬೆಗಳೆಂದು ಆ ಹುಡುಗಿಯರೇ ವೃದ್ಧಾಪ್ಯದಲ್ಲಿ ಒಪ್ಪಿಕೊಂಡರು. ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಮಗನು 1918ರಲ್ಲಿ ತೀರಿಕೊಂಡ ದುಃಖವೂ ಅವರಿಗಿತ್ತು. ತಮ್ಮ ಕಡೆಯ ವರ್ಷಗಳನ್ನು ಮೃತರೊಡನೆ ಸಂಭಾಷಿಸುವ ಪ್ರಯತ್ನಗಳಲ್ಲಿ ಕಳೆದು, 1930ನೆಯ ಜುಲೈ 7ರಂದು ಕ್ರೋಬರೋದಲ್ಲಿ ಕಾಲವಾದರು.

ಹೋಮ್ಸನ ಕತೆಗಳನ್ನು ನಮ್ಮ ವಿದ್ಯಾರ್ಥಿನಿಯರು ವಿನೋದಕ್ಕಾಗಿ ಓದಲಿ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಪತ್ತೇದಾರನ ಬುದ್ಧಿಯನ್ನು ಮೆಚ್ಚುವಾಗ, ಪತ್ರಿಕೆಯನ್ನು ಓರೆಯಾಗಿ ಹಿಡಿದಿದ್ದ ಒಬ್ಬ ನಿರಪರಾಧಿಯನ್ನು ಗಮನಿಸಿದ ಆ ಕಣ್ಣುಗಳನ್ನೂ ಸ್ಮರಿಸಬೇಕೆಂಬುದು ನಮ್ಮ ಆಶಯ. ನೆರೆಯವರು ಸುಲಭವಾಗಿ ದೂಷಿಸುವ ಒಬ್ಬರನ್ನು ನಾವು ನಿಂತು ನೋಡಿ, ಅವರ ಮಾತನ್ನು ಕಡೆಯವರೆಗೆ ಕೇಳಿದರೆ, ಹೋಮ್ಸನ ವಿದ್ಯೆಯಲ್ಲಿ ಶ್ರೇಷ್ಠವಾದ ಭಾಗವನ್ನು ಕಲಿತಂತೆಯೇ ಸರಿ.